ಹಳೆ ಲಾರಿಗೆ ಹೊಸ ಪೈಪು

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಲ್ಲಿ ಶನಿವಾರ ಬಂತೆಂದರೆ ಶನಿಮಹಾತ್ಮನ ಗುಡಿಯ ಬಳಿ ಎಳ್ಳೆಣ್ಣೆಯ ದೀಪಗಳು ಬೆಳಗುತ್ತವೆ. ಹಣತೆಯ ಎಣ್ಣೆ ಬತ್ತಿಯ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ತಾನಾಗಿಯೇ ಮೇಲೇರಿ ಉರಿಯುತ್ತದೆ. ಲೋಮನಾಳ ಕ್ರಿಯೆ ಎಂದು ಪಾಠದಲ್ಲಿ ಓದುವುದು ಇದನ್ನೇ. ಆದರೆ ದೇವರ ದರ್ಶನಕ್ಕೆ ಬಂದು ರಸ್ತೆ ಬದಿಯಲ್ಲಿ ನಿಂತ ಲಾರಿಯ ಎಣ್ಣೆಗೆ ಈ ಅನುಕೂಲವಿಲ್ಲ. ಅದು ಚಾಸಿಯ ಪಕ್ಕದ ಟ್ಯಾಂಕಿನಿಂದ ಎಂಜಿನ್ನಿನ ತಲೆಯವರೆಗೆ ಹಲವು ಅಡಿಗಳ ದಾರಿ ನಡೆಯಬೇಕು. ಆ ದಾರಿಯೇ ಕೊಳವೆ.

ಇದೇ ಊರಿನ ಒಂದು ಮನೆಯ ಹಿತ್ತಲಿನಲ್ಲಿ ತಾತನ ಕಾಲದ ಲಾರಿಯೊಂದು ನಿಂತಿದೆ ಎಂದಿಟ್ಟುಕೊಳ್ಳಿ. ಮೂತಿ ಮುಂದಕ್ಕೆ ಚಾಚಿದ ಹಳೆಯ ಟಾಟಾ. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ. ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಸೇರಿ ಜಮ್ಷೆಡ್‌ಪುರದಲ್ಲಿ ಲಾರಿ ಕಟ್ಟಲು ತೊಡಗಿದ್ದು 1954ರಲ್ಲಿ. ಆ ಒಪ್ಪಂದ ಮುಗಿದದ್ದು 1969ರಲ್ಲಿ. ನಕ್ಷತ್ರವಿದ್ದರೆ ಲಾರಿ ಆ ಹದಿನೈದು ವರ್ಷಗಳದ್ದು ಎಂದು ಹಳಬರು ಗುರುತಿಸುತ್ತಾರೆ. ಬರುವ ಆಯುಧಪೂಜೆಯ ಹೊತ್ತಿಗೆ ಅದನ್ನು ಮತ್ತೆ ಓಡಿಸಬೇಕೆಂದು ಮನೆಯವರ ಆಸೆ. ಎಂಜಿನ್ ಗಟ್ಟಿಯಾಗಿದೆ, ಪೈಪುಗಳು ಮಾತ್ರ ತುಕ್ಕು ಹಿಡಿದಿವೆ, ರಬ್ಬರು ಬಿರುಕು ಬಿಟ್ಟಿದೆ.

"ಪೇಟೆಗೆ ಹೋಗಿ ಹತ್ತು ಅಡಿ ಡೀಸೆಲ್ ಪೈಪು ತಗೊಂಡು ಬಾರಪ್ಪ" ಎಂದರು ಅಪ್ಪ.

"ಯಾವ ಪೈಪು ಅಪ್ಪ?" ಎಂದ ಐ.ಟಿ.ಐ. ಓದುವ ಮಗ.

"ಪೈಪು ಅಂದ್ರೆ ಪೈಪು ಕಣೋ. ಅದರಲ್ಲೇನು ಯಾವ್ದು?"

ಇಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಮಗ. ಲಾರಿಯಲ್ಲಿರುವುದು ಒಂದೇ ಡೀಸೆಲ್ ಪೈಪಲ್ಲ. ನಾಲ್ಕು ಬೇರೆ ಬೇರೆ ಕೆಲಸಗಳಿಗೆ ನಾಲ್ಕು ಬಗೆಯ ಕೊಳವೆಗಳಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಲಾರಿ ದಾರಿಯಲ್ಲಿ ನಿಂತೀತು. ಅದಕ್ಕಿಂತ ಹೆಚ್ಚಿನ ಅನಾಹುತವೂ ಆದೀತು.

ನಾಲ್ಕು ಹಾದಿಗಳು

ಮೊದಲನೆಯದು ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಎಳೆಯುವ ಕೊಳವೆ. ಎರಡನೆಯದು ಫೀಡ್ ಪಂಪಿನಿಂದ ಫಿಲ್ಟರ್ ದಾಟಿ ಇಂಜೆಕ್ಷನ್ ಪಂಪಿಗೆ ಹೋಗುವ, ಮೆಲ್ಲಗೆ ತಳ್ಳುವ ಕೊಳವೆ. ಮೂರನೆಯದು ಇಂಜೆಕ್ಷನ್ ಪಂಪಿನಿಂದ ಒಂದೊಂದು ಸಿಲಿಂಡರಿನ ನಾಜಲ್ಲಿಗೂ ಹೋಗುವ ಅಧಿಕ ಒತ್ತಡದ ಕೊಳವೆ. ನಾಲ್ಕನೆಯದು ನಾಜಲ್ಲಿನಲ್ಲಿ ಮಿಕ್ಕಿ ಜಿನುಗಿದ ಡೀಸೆಲ್ಲನ್ನು ಹಿಂದಕ್ಕೆ ತರುವ ಕೊಳವೆ.

ಒತ್ತಡಗಳನ್ನು ಹೋಲಿಸಿ ನೋಡಿ. ಎಳೆಯುವ ಕೊಳವೆಯಲ್ಲಿ ಒತ್ತಡ ಹೊರಗಿನ ಗಾಳಿಗಿಂತಲೂ ಕಡಿಮೆ. ಎರಡನೆಯದರಲ್ಲಿ ಹೊರಗಿನದಕ್ಕಿಂತ ಸುಮಾರು ಒಂದೆರಡು ವಾಯುಭಾರ ಹೆಚ್ಚು. ಲಾರಿಯ ಟೈರಿನಲ್ಲಿ ಸುಮಾರು ಏಳು ವಾಯುಭಾರದಷ್ಟು ಗಾಳಿ ಇರುತ್ತದೆ. ಮೂರನೆಯ ಕೊಳವೆಯಲ್ಲಾದರೋ, ನಾಜಲ್ ಬಾಯಿ ತೆರೆಯಲು ಎಂಜಿನ್ನಿನ ಮಾದರಿಯನ್ನು ಅನುಸರಿಸಿ 100ರಿಂದ 200ಕ್ಕೂ ಹೆಚ್ಚು ವಾಯುಭಾರ ಬೇಕು. ಅಂದರೆ ಟೈರಿನ ಒತ್ತಡದ ಹದಿನೈದು, ಮೂವತ್ತು ಪಟ್ಟು. ಹೊರಗಿನಿಂದ ನೋಡಿದರೆ ಎಲ್ಲವೂ ಕಿರುಬೆರಳಿಗಿಂತ ಸಣ್ಣ ಕೊಳವೆಗಳೇ.

ಹೊರಗೆ ಸೋರದ ಸೋರಿಕೆ

ಪಂಪು ಡೀಸೆಲ್ಲನ್ನು ಎಳೆಯುತ್ತದೆ ಎನ್ನುವುದು ಮಾತಿನ ರೂಢಿ. ವಾಸ್ತವವಾಗಿ ಪಂಪು ತನ್ನ ಬಾಯಲ್ಲಿ ಒತ್ತಡ ಕಡಿಮೆ ಮಾಡುತ್ತದೆ, ಅಷ್ಟೆ. ಟ್ಯಾಂಕಿನ ಎಣ್ಣೆಯ ಮೇಲೆ ಕುಳಿತ ಗಾಳಿ ಅದನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ದೊಡ್ಡಬಳ್ಳಾಪುರದ ಸುತ್ತಿನ ಬಯಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ತಳ್ಳುವ ಗಾಳಿಯ ಬಲ ಕಡಲತೀರದಲ್ಲಿರುವುದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯೇ.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತೊಂದು ಇರುತ್ತದೆ. ಅದು ಧೂಳಿನಿಂದ ಮುಚ್ಚಿದರೆ ಒಳಗೆ ಗಾಳಿ ಹೋಗದು, ತಳ್ಳುವವರಿಲ್ಲದೆ ಡೀಸೆಲ್ ನಿಂತುಬಿಡುತ್ತದೆ. ಸ್ವಲ್ಪ ದೂರ ಓಡಿ ಸುಸ್ತಾಗುವ ಲಾರಿಯ ಮುಚ್ಚಳ ತೆಗೆದಾಗ 'ಸುಸ್' ಎಂದು ಗಾಳಿ ಒಳನುಗ್ಗಿದರೆ ಕಾಯಿಲೆ ಪೈಪಿನದಲ್ಲ, ಮುಚ್ಚಳದ್ದು. ಹೊಸ ಪೈಪಿಗೆ ಹಣ ತೆರುವ ಮುನ್ನ ಇದನ್ನು ನೋಡಿಬಿಡಬೇಕು.

ಎಳನೀರು ಕುಡಿಯುವ ನಳಿಗೆಗೆ ಸೂಜಿಯಿಂದ ಒಂದು ತೂತು ಮಾಡಿ ಎಳೆದು ನೋಡಿ. ತೂತಿನಿಂದ ಎಳನೀರು ಹೊರಗೆ ಸೋರುವುದಿಲ್ಲ. ಗಾಳಿ ಒಳಗೆ ಬರುತ್ತದೆ. ಟ್ಯಾಂಕಿನ ಕಡೆಯ ಕೊಳವೆಯಲ್ಲೂ ಹೀಗೆಯೇ. ಎಂಜಿನ್ ಓಡುವಾಗ ಒಂದು ಹನಿಯೂ ನೆಲಕ್ಕೆ ಬೀಳದಿರಬಹುದು, ಆದರೂ ಅಲ್ಲಿ ಬಿರುಕಿರಬಹುದು. "ಏರ್ ಎಳೀತಾ ಇದೆ" ಎಂದು ಮೆಕ್ಯಾನಿಕ್ಕರು ಹೇಳುವುದು ಇದಕ್ಕೆ.

ಒಂದಿಷ್ಟು ಗಾಳಿ ಬಂದರೆ ಏನಾಯಿತು? ಇಂಜೆಕ್ಷನ್ ಪಂಪು ಒಂದು ಹೊಡೆತಕ್ಕೆ ಕಳಿಸುವುದು ಹೆಚ್ಚೆಂದರೆ ಒಂದು ಹನಿಯಷ್ಟು ಡೀಸೆಲ್. ದ್ರವವನ್ನು ಅದುಮಿದರೆ ಅದು ಕುಗ್ಗುವುದು ಅತ್ಯಲ್ಪ. ತಳ್ಳಿದಷ್ಟೂ ಆ ತುದಿಯಲ್ಲಿ ಒತ್ತಡವಾಗಿ ತಲಪುತ್ತದೆ. ಗಾಳಿ ಹಾಗಲ್ಲ. ಅದು ಸ್ಪಂಜಿನಂತೆ ಕುಗ್ಗುತ್ತದೆ. ಪಂಪಿನ ಹೊಡೆತವೆಲ್ಲ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿದುಹೋಗಿ ನಾಜಲ್ ಬಾಯಿ ತೆರೆಯುವುದೇ ಇಲ್ಲ. ತುಂಬಿದ ಟ್ಯಾಂಕಿದ್ದೂ ಲಾರಿ ನಿಲ್ಲುತ್ತದೆ.

ಈ ಕೊಳವೆಯ ಒಳವ್ಯಾಸವನ್ನು ಕಡಿಮೆ ಮಾಡುವಂತೆಯೂ ಇಲ್ಲ. ಕೊಳವೆಯಲ್ಲಿ ಸಮಾಧಾನವಾಗಿ ಹರಿಯುವ ದ್ರವದ ಪ್ರಮಾಣ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಎಂಟು ಮಿ.ಮೀ. ಇದ್ದ ಜಾಗದಲ್ಲಿ ಆರು ಮಿ.ಮೀ. ಹಾಕಿದರೆ ಕಾಲು ಭಾಗ ಕಡಿಮೆಯಾಯಿತು ಎಂದುಕೊಳ್ಳುತ್ತೇವೆ. ಲೆಕ್ಕ ಹಾಕಿ: ಮುಕ್ಕಾಲನ್ನು ನಾಲ್ಕು ಸಲ ಗುಣಿಸಿದರೆ 0.32. ಅಷ್ಟೇ ಒತ್ತಡಕ್ಕೆ ಹರಿಯುವುದು ಮೊದಲಿನ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಹಳೆಯ ತುಂಡನ್ನು ಅಳೆದು, ಅದೇ ಒಳವ್ಯಾಸದ್ದನ್ನೇ ಕೇಳಿ ತರಬೇಕು. ಹೊರವ್ಯಾಸ ಹೇಳಿ ತಂದರೆ ಗೋಡೆ ದಪ್ಪನಾದ ಕೊಳವೆ ಬಂದು ಮೋಸ ಹೋಗಬಹುದು.

ತಾಮ್ರವೋ ಉಕ್ಕೋ ರಬ್ಬರೋ

ತಾಮ್ರದ ಕೊಳವೆ ಕೈಯಲ್ಲೇ ಬಾಗುತ್ತದೆ, ತುಕ್ಕು ಹಿಡಿಯದು. ಹಾಗಾಗಿ ಅನೇಕರಿಗೆ ಅದರ ಮೇಲೆ ಪ್ರೀತಿ. ಆದರೆ ವಿದ್ಯುತ್ ತಂತಿಯ ತುಂಡೊಂದನ್ನು ಹಿಂದೆ ಮುಂದೆ ಹತ್ತಾರು ಸಲ ಬಾಗಿಸಿ ನೋಡಿ. ಮೆತ್ತಗಿದ್ದ ತಾಮ್ರ ಪೆಡಸಾಗುತ್ತಾ ಬಂದು ಕೊನೆಗೆ ಪಟ್ಟನೆ ಮುರಿಯುತ್ತದೆ. ಲಾರಿಯ ನಡುಕ ಇದೇ ಕೆಲಸವನ್ನು ವರ್ಷಗಟ್ಟಲೆ ನಿಧಾನವಾಗಿ ಮಾಡುತ್ತದೆ. ಬಿರುಕು ಹುಟ್ಟುವುದು ಸಾಮಾನ್ಯವಾಗಿ ಬಿರಡೆಯ ಪಕ್ಕದಲ್ಲೇ, ಕೊಳವೆಯ ಬಾಯಿ ಅರಳಿಸಿದ ಕಡೆ. ಇನ್ನೊಂದು ದೋಷ: ಡೀಸೆಲ್ಲು ಗಾಳಿಯೊಡನೆ ಸೇರಿ ಅಂಟಾಗುವ ಕ್ರಿಯೆಗೆ ತಾಮ್ರ ವೇಗ ಕೊಡುತ್ತದೆ. ಒಳಗೆ ಸತುವಿನ ಲೇಪವಿರುವ ಕೊಳವೆಯೂ ಬೇಡ. ಸತು ಡೀಸೆಲ್ಲಿನಲ್ಲಿರುವ ಆಮ್ಲಾಂಶದೊಡನೆ ಸೇರಿ ಸಾಬೂನಿನಂಥ ಜಿಡ್ಡಾಗಿ ನಾಜಲ್ಲಿನ ತೂತುಗಳನ್ನು ಕಟ್ಟಬಲ್ಲದು.

ಚಾಸಿಯ ಉದ್ದಕ್ಕೆ ಹೋಗಬೇಕಾದದ್ದು ಉಕ್ಕಿನ ಕೊಳವೆ, ಹೊರಗೆ ಮಾತ್ರ ಲೇಪವಿರುವಂಥದು. ಅದನ್ನು ಒಂದೊಂದು ಅಡಿಗೆ, ಹೆಚ್ಚೆಂದರೆ ಒಂದೂವರೆ ಅಡಿಗೆ ಒಂದರಂತೆ ಕ್ಲಿಪ್ ಹಾಕಿ ಚಾಸಿಗೆ ಬಿಗಿಯಬೇಕು. ನೇತಾಡುವ ಕೊಳವೆ ಉಜ್ಜಿಯೇ ಸವೆಯುತ್ತದೆ. ಸೈಲೆನ್ಸರಿನ ಪಕ್ಕದಲ್ಲಿ, ಬ್ಯಾಟರಿಯ ದಪ್ಪ ತಂತಿಗೆ ಅಂಟಿಕೊಂಡು ಹಾಯಿಸಬಾರದು.

ಹಾಗಾದರೆ ರಬ್ಬರು ಎಲ್ಲಿ ಬೇಕು? ಎಂಜಿನ್ ತನ್ನ ದಿಂಬುಗಳ ಮೇಲೆ ಅಲುಗುತ್ತದೆ, ಚಾಸಿ ಅದರ ಜೊತೆ ಅಲುಗುವುದಿಲ್ಲ. ಇವೆರಡರ ನಡುವೆ ಒಂದು ಮೆತ್ತನೆಯ ತುಂಡು ಬೇಕೇ ಬೇಕು. ಯಾವ ರಬ್ಬರು ಎನ್ನುವುದು ಪ್ರಶ್ನೆ. ಒಂದು ಚಿಕ್ಕ ಪ್ರಯೋಗ ಮಾಡಬಹುದು, ಹಿರಿಯರ ಸಮ್ಮುಖದಲ್ಲಿ, ಬೆಂಕಿಯಿಂದ ದೂರ. ಸಾಧಾರಣ ರಬ್ಬರ್ ಬ್ಯಾಂಡಿನ ಒಂದು ತುಂಡನ್ನು ಅಳೆದು ಗಾಜಿನ ಸೀಸೆಯಲ್ಲಿ ಸ್ವಲ್ಪ ಡೀಸೆಲ್ಲಿನಲ್ಲಿ ಮುಳುಗಿಸಿ ಮಾರನೆಯ ದಿನ ತೆಗೆದು ಮತ್ತೆ ಅಳೆಯಿರಿ. ಅದು ಉಬ್ಬಿ, ಮೆತ್ತಗಾಗಿ, ಬಲ ಕಳೆದುಕೊಂಡಿರುತ್ತದೆ. ರಬ್ಬರಿನ ಮರದ ರಬ್ಬರೂ ಡೀಸೆಲ್ಲೂ ಹೈಡ್ರೋಕಾರ್ಬನ್ನುಗಳೇ. ಒಂದೇ ಜಾತಿಯವು ಒಂದರೊಳಗೊಂದು ಬೆರೆಯುತ್ತವೆ. ನೈಟ್ರೈಲ್ ಎಂಬ ಕೃತಕ ರಬ್ಬರಿನ ಅಣುಗಳಲ್ಲಿ ಸಾರಜನಕವಿರುವ ಗುಂಪುಗಳು ಸೇರಿರುವುದರಿಂದ ಡೀಸೆಲ್ ಅದರೊಳಕ್ಕೆ ಸುಲಭವಾಗಿ ಇಳಿಯದು. ಇಂಧನಕ್ಕೆಂದೇ ಮಾಡಿದ ಹೋಸಿನ ಮೈಮೇಲೆ ಮಾನಕದ ಸಂಖ್ಯೆ ಅಚ್ಚಾಗಿರುತ್ತದೆ. ತಯಾರಾದ ವರ್ಷವೂ ಇದ್ದರೆ ಒಳ್ಳೆಯದು. ಏನೂ ಅಚ್ಚಿಲ್ಲದ ಕಪ್ಪು ಪೈಪನ್ನು ಅಗ್ಗವೆಂದು ತರಬಾರದು. ಗುಳ್ಳೆ ಕಾಣುತ್ತದೆಂದು ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕುವುದೂ ಉಂಟು. ಅರ್ಧ ಗಂಟೆಯ ಪರೀಕ್ಷೆಗೆ ಅದು ಸರಿ, ಕಾಯಮ್ಮಾಗಿ ಅಲ್ಲ. ಅದರ ಮೆದುತನಕ್ಕೆ ಬೆರೆಸಿದ ಪದಾರ್ಥವನ್ನು ಡೀಸೆಲ್ ಕರಗಿಸಿ ಒಯ್ಯುತ್ತದೆ, ಪೈಪು ಕಡ್ಡಿಯಂತೆ ಗಡುಸಾಗಿ ಒಡೆಯುತ್ತದೆ.

ಹಳೆಯ ಲಾರಿಗೆ ಇನ್ನೊಂದು ಕಷ್ಟವಿದೆ: ಅದು ಹುಟ್ಟಿದ ಕಾಲದ ಎಣ್ಣೆ ಈಗಿಲ್ಲ. 2020ರ ಏಪ್ರಿಲ್‌ನಿಂದ ನಮ್ಮ ದೇಶದ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷ ಪಾಲಿಗೆ ಹತ್ತು ಪಾಲಷ್ಟೇ ಇರಬಹುದು. ಗಾಳಿಗೆ ಇದು ಒಳ್ಳೆಯದು. ಆದರೆ ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಆರೊಮ್ಯಾಟಿಕ್ ಎಂಬ ಸಂಯುಕ್ತಗಳೂ ಕಡಿಮೆಯಾಗಬಹುದು. ಹಳೆಯ ವಾಷರುಗಳನ್ನು ಉಬ್ಬಿಸಿ ಬಿಗಿಯಾಗಿ ಇಟ್ಟಿದ್ದು ಆ ಸಂಯುಕ್ತಗಳೇ. 1993ರಲ್ಲಿ ಅಮೆರಿಕದಲ್ಲಿ ಕಡಿಮೆ ಗಂಧಕದ ಡೀಸೆಲ್ ಬಂದಾಗ ಹಳೆಯ ಪಂಪುಗಳ ರಬ್ಬರು ಉಂಗುರಗಳು ಕುಗ್ಗಿ ಸೋರತೊಡಗಿದ ದೂರುಗಳು ಬಂದವು. ಆದ್ದರಿಂದ ಪೈಪು ಬದಲಿಸುವಾಗ ರಬ್ಬರು ಉಂಗುರಗಳನ್ನೂ ಬದಲಿಸುವುದು ಜಾಣತನ.

ಲಾರಿ ಪೆಟ್ರೋಲಿನದಾದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು 2023ರಿಂದ ಮಾರಾಟಕ್ಕೆ ಬಂದು 2025ರ ಹೊತ್ತಿಗೆ ದೇಶದುದ್ದಕ್ಕೂ ಹರಡಿತು. ಎಥನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ನೀರನ್ನೂ ಹೀರುತ್ತದೆ. ಇಂಥ ಲಾರಿಗೆ ಒಳಪದರದಲ್ಲಿ ಫ್ಲೋರಿನ್ ಇರುವ ರಬ್ಬರಿನ ಹೋಸು ತಕ್ಕದ್ದು. ಬೆಲೆ ಹೆಚ್ಚಾದರೂ ಬೇಕಾಗುವುದು ಗೇಣುದ್ದವೇ.

ಆರೂ ಒಂದೇ ಉದ್ದ

ಹಳೆಯ ಆರು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಪಕ್ಕ ನಿಂತು ನೋಡಿ. ಇಂಜೆಕ್ಷನ್ ಪಂಪಿನಿಂದ ಆರು ಉಕ್ಕಿನ ಕೊಳವೆಗಳು ಹೊರಟಿರುತ್ತವೆ. ಹತ್ತಿರದ ಸಿಲಿಂಡರಿಗೆ ಹೋಗುವ ಕೊಳವೆ ನೇರವಾಗಿ ಹೋಗದೆ ಸುಮ್ಮನೆ ಸುತ್ತು ಬಳಸಿಕೊಂಡು ಹೋಗುತ್ತದೆ. ಉಕ್ಕು ದಂಡ ಎನಿಸಬಹುದು. ಅಲ್ಲ, ಆರೂ ಒಂದೇ ಉದ್ದವಿರಲೆಂದು ಹಾಗೆ ಮಾಡಿರುತ್ತಾರೆ.

ಪಂಪಿನ ಹೊಡೆತ ಆ ತುದಿಗೆ ಒತ್ತಡದ ಅಲೆಯಾಗಿ ಹೋಗುತ್ತದೆ. ಡೀಸೆಲ್ಲಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 1400 ಮೀಟರ್. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 40 ಸುತ್ತು, ಅಂದರೆ 14,400 ಡಿಗ್ರಿ. ಒಂದು ಕೊಳವೆ 20 ಸೆಂ.ಮೀ. ಉದ್ದವಾಯಿತೆನ್ನಿ. ಆ ದೂರಕ್ಕೆ ಅಲೆಗೆ ಬೇಕಾದದ್ದು ಸೆಕೆಂಡಿನ ಏಳು ಸಾವಿರದಲ್ಲೊಂದು ಪಾಲು. ಅಷ್ಟರಲ್ಲಿ ಎಂಜಿನ್ ಎರಡು ಡಿಗ್ರಿ ತಿರುಗಿರುತ್ತದೆ. ಆ ಒಂದು ಸಿಲಿಂಡರಿಗೆ ಡೀಸೆಲ್ ಎರಡು ಡಿಗ್ರಿ ತಡವಾಗಿ ಬಿದ್ದಂತಾಯಿತು. ಆರು ಎತ್ತಿನ ಬಂಡಿಯಲ್ಲಿ ಒಂದೆತ್ತು ಹೆಜ್ಜೆ ತಪ್ಪಿದ ಹಾಗೆ ಎಂಜಿನ್ ಕುಂಟುತ್ತದೆ.

ಈ ಕೊಳವೆಯ ಹೊರವ್ಯಾಸ ಸುಮಾರು ಆರು ಮಿ.ಮೀ. ಇದ್ದರೆ ಒಳರಂಧ್ರ ಎರಡೇ ಮಿ.ಮೀ. ಮಿಕ್ಕಿದ್ದೆಲ್ಲ ಬೆಸುಗೆಯಿಲ್ಲದ ಗಟ್ಟಿ ಉಕ್ಕು. ಇಲ್ಲಿ ತಾಮ್ರಕ್ಕೂ ರಬ್ಬರಿಗೂ ಜಾಗವೇ ಇಲ್ಲ. ಬಿರುಕು ಬಿಟ್ಟದ್ದನ್ನು ಬೆಸೆದು ಹಾಕುವಂತೆಯೂ ಇಲ್ಲ. ಅದೇ ಉದ್ದ, ಅದೇ ಒಳರಂಧ್ರದ ಸಿದ್ಧ ಕೊಳವೆಯನ್ನೇ ತರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಗೆ ಹೋಗುವಾಗ ಹಳೆಯ ಕೊಳವೆಯನ್ನು ಬಿಚ್ಚಿ, ತುದಿಗಳಿಗೆ ಬಟ್ಟೆ ಕಟ್ಟಿ ಜೊತೆಗೇ ಒಯ್ಯುವುದು ಮೇಲು.

ಲಾರಿಗೆ ಡೀಸೆಲ್ ಎಂಜಿನ್ ಹೊಂದಿದ್ದೇ ಇಂಥ ಪಂಪು ಮತ್ತು ಕೊಳವೆಗಳಿಂದ. ರುಡಾಲ್ಫ್ ಡೀಸೆಲ್‌ನ ಎಂಜಿನ್ 1897ರಲ್ಲೇ ಓಡಿತ್ತು. ಆದರೆ ಅದರೊಳಕ್ಕೆ ಎಣ್ಣೆ ಊದಲು ಗಾಳಿ ಅದುಮುವ ಭಾರಿ ಯಂತ್ರ ಬೇಕಿತ್ತು. 1927ರಲ್ಲಿ ಬಾಷ್ ಸಂಸ್ಥೆ ಪುಟ್ಟ ಇಂಜೆಕ್ಷನ್ ಪಂಪನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ರಸ್ತೆಗಿಳಿಯಿತು. 1951ರಲ್ಲಿ ಹುಟ್ಟಿದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಇದೇ ಪಂಪು, ನಾಜಲ್ಲುಗಳನ್ನು ದಶಕಗಳ ಕಾಲ ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತಾದರೂ ಹಳೆಯ ಪಂಪಿನ ಮೇಲೆ ಇಂದಿಗೂ 'ಮೈಕೋ' ಎಂಬ ಅಕ್ಷರ ಓದಬಹುದು.

ಬಿರಡೆಗಳ ಜಾತಿ

ಕೊಳವೆ ಸರಿಯಾಗಿದ್ದು ಜೋಡಣೆ ತಪ್ಪಿದರೆ ಫಲವಿಲ್ಲ. ಜರ್ಮನ್ ಮೂಲದ ಟಾಟಾ ಲಾರಿಯಲ್ಲಿ ಮೆಟ್ರಿಕ್ ಥ್ರೆಡ್ಡು. ಬ್ರಿಟಿಷ್ ಮೂಲದ ಹಳೆಯ ಲೇಲ್ಯಾಂಡಿನಲ್ಲಿ ಇಂಚಿನ ಥ್ರೆಡ್ಡು. ಮೆಟ್ರಿಕ್ ಥ್ರೆಡ್ಡಿನ ಹಲ್ಲಿನ ಕೋನ 60 ಡಿಗ್ರಿ, ಬ್ರಿಟಿಷ್ ಪೈಪ್ ಥ್ರೆಡ್ಡಿನದು 55. ಅಳತೆ ಹತ್ತಿರವಿದ್ದಾಗ ಒಂದು ಇನ್ನೊಂದರೊಳಗೆ ಎರಡು ಸುತ್ತು ಹೋಗಿ ಬಿಗಿಯುತ್ತದೆ. "ಹಿಡೀತು" ಎಂದು ಸ್ಪ್ಯಾನರ್ ಹಾಕಿ ಒತ್ತಿದರೆ ಹಲ್ಲು ಕಿತ್ತು ಬರುತ್ತದೆ. ಬಿರಡೆ ಕೊನೆಯವರೆಗೆ ಬೆರಳಲ್ಲೇ ತಿರುಗಬೇಕು. ಸ್ಪ್ಯಾನರ್ ಇರುವುದು ಕೊನೆಯ ಬಿಗಿತಕ್ಕೆ ಮಾತ್ರ.

ಸೋರದಂತೆ ತಡೆಯುವುದು ಥ್ರೆಡ್ಡಲ್ಲ ಎಂಬುದನ್ನೂ ನೆನಪಿಡಬೇಕು. ಥ್ರೆಡ್ಡು ಒತ್ತಿ ಹಿಡಿಯುತ್ತದೆ. ತಡೆಯುವುದು ಅರಳಿಸಿದ ಬಾಯಿ ಅಥವಾ ತಾಮ್ರದ ವಾಷರು. ಅರಳಿಸಿದ ಬಾಯಿಗಳಲ್ಲೂ 45 ಡಿಗ್ರಿ, 37 ಡಿಗ್ರಿ ಎಂಬ ಭೇದವಿದೆ. ಒಂದರ ಮೇಲೊಂದು ಕೂರಿಸಿದರೆ ಗೆರೆಯಷ್ಟೇ ತಾಗಿ ಮೊದಲ ನಡುಕಕ್ಕೇ ಜಿನುಗುತ್ತದೆ. ತಾಮ್ರದ ವಾಷರು ಒಮ್ಮೆ ಬಿಗಿದ ಮೇಲೆ ಗಡುಸಾಗುತ್ತದೆ. ಪ್ರತಿ ಸಲ ಹೊಸತು ಹಾಕುವುದೇ ಸರಿ.

ನಲ್ಲಿಗೆ ಸುತ್ತುವ ಬಿಳಿಯ ಟೇಪನ್ನು ಇಲ್ಲಿ ಸುತ್ತಬಾರದು. ಇಂಜೆಕ್ಷನ್ ಪಂಪಿನ ಒಳಗಿನ ಕಡ್ಡಿಗೂ ಅದರ ಸುತ್ತಿನ ಕವಚಕ್ಕೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದ್ದು, ಎರಡೋ ಮೂರೋ ಪಾಲು. ತಲೆಗೂದಲು ಅದಕ್ಕಿಂತ ಇಪ್ಪತ್ತು ಮೂವತ್ತು ಪಟ್ಟು ದಪ್ಪ. ಟೇಪಿನ ಒಂದು ಎಳೆ, ಕೊಳವೆ ಕತ್ತರಿಸಿದಾಗಿನ ಒಂದು ಲೋಹದ ಚೂರು ಒಳಸೇರಿದರೆ ಪಂಪಿನ ಬೆಲೆ ತೆರಬೇಕಾಗುತ್ತದೆ. ಕತ್ತರಿಸಿದ ಬಾಯಿಯನ್ನು ನಯಗೊಳಿಸಿ, ಒಳಗೆ ಗಾಳಿ ಊದಿ, ಶುದ್ಧ ಡೀಸೆಲ್ಲಿನಲ್ಲಿ ತೊಳೆದೇ ಜೋಡಿಸಬೇಕು.

ಬೆರಳಿಡಬೇಡಿ

ಇನ್ನು ಮುಂದಿನ ಮಾತು ಗ್ಯಾರೇಜಿನಲ್ಲಿ ಕೆಲಸ ನೋಡಲು ಹೋಗುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ.

ಹಿಂದಕ್ಕೆ ತರುವ ನಾಲ್ಕನೆಯ ಕೊಳವೆಯಲ್ಲಿ ಒತ್ತಡವೇ ಇಲ್ಲವೆಂದು ಅದನ್ನು ಅಲಕ್ಷಿಸುವವರುಂಟು. ಅದು ಹಾದುಹೋಗುವುದು ಬಿಸಿ ಎಂಜಿನ್ನಿನ ತಲೆಯ ಮೇಲೆ. ಡೀಸೆಲ್ ಸುಮಾರು 210ರಿಂದ 250 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳಬಲ್ಲದು. ಡೀಸೆಲ್ ಎಂಜಿನ್ ನಡೆಯುವುದೇ ಈ ಗುಣದಿಂದ. ಹೊರೆ ಹೊತ್ತು ದಿಬ್ಬ ಹತ್ತುವ ಲಾರಿಯ ಹೊಗೆಕೊಳವೆಯ ಬುಡ ಇದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ. ಅದರ ಮೇಲೆ ಹನಿಯುವ ಒಂದು ಅಗ್ಗದ ಪೈಪು ಲಾರಿಯನ್ನೇ ಸುಟ್ಟೀತು.

ಅಧಿಕ ಒತ್ತಡದ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೆ ಅಲ್ಲಿಂದ ಬರುವ ಎಳೆ ಕಣ್ಣಿಗೂ ಸರಿಯಾಗಿ ಕಾಣದು. ಎಲ್ಲಿ ಸೋರುತ್ತಿದೆ ಎಂದು ಬೆರಳಾಡಿಸಿ ಹುಡುಕುವುದು ಸಹಜ ಚಾಳಿ. ಆ ಎಳೆ ಚರ್ಮ ಸೀಳಿ ಒಳಹೋಗಬಲ್ಲದು. ಹೊರಗೆ ಕಾಣುವುದು ಮುಳ್ಳು ಚುಚ್ಚಿದಂಥ ಚುಕ್ಕೆ ಮಾತ್ರ, ಮೊದಮೊದಲು ನೋವೂ ಹೆಚ್ಚಿರದು. ಒಳಗೆ ಡೀಸೆಲ್ ಮಾಂಸವನ್ನು ಕೊಲ್ಲುತ್ತಾ ಹೋಗುತ್ತದೆ. ತಡಮಾಡಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಅರಿಸಿನ ಹಚ್ಚಿ ಬೆಳಗಿನತನಕ ಕಾಯುವ ಗಾಯ ಇದಲ್ಲ. ಆ ಕ್ಷಣವೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ದೂರದಿಂದ ಹಿಡಿದರೆ ಸಾಕು, ರಟ್ಟು ಒದ್ದೆಯಾಗಿ ಜಾಗ ತೋರಿಸುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆಯೇ ಬಿರಡೆ ಮುಟ್ಟಬೇಕು.

ಕೊಳವೆ ಬಾಯಿಗಿಟ್ಟು ಡೀಸೆಲ್ ಎಳೆಯುವ ಅಭ್ಯಾಸವನ್ನೂ ಬಿಡಬೇಕು. ಗುಟುಕು ತಪ್ಪಿ ಕೆಲವು ಹನಿ ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾದಂಥ ಕಾಯಿಲೆ ಬರುತ್ತದೆ. ಏರ್ ತೆಗೆಯಲೆಂದೇ ಫೀಡ್ ಪಂಪಿನ ಮೇಲೆ ಕೈಪಂಪು ಇದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಅದನ್ನು ಒತ್ತಿ, ಸ್ಕ್ರೂ ಬಿಗಿದರೆ ಆಯಿತು.

ಮಧುರೆಯ ಹುಡುಗ ಪೇಟೆಗೆ ಹೊರಡುವ ಮುನ್ನ ಒಂದು ಚೀಟಿ ಬರೆದುಕೊಂಡರೆ ಸಾಕು. ಟ್ಯಾಂಕಿನಿಂದ ಪಂಪಿಗೆ: ಹಳೆಯದರ ಒಳವ್ಯಾಸದ್ದೇ ಉಕ್ಕಿನ ಕೊಳವೆ. ಎಂಜಿನ್ನಿಗೂ ಚಾಸಿಗೂ ನಡುವೆ: ಅಚ್ಚಿರುವ ಇಂಧನದ ಹೋಸು ಮತ್ತು ಅದಕ್ಕೆ ತಕ್ಕ ಕ್ಲಿಪ್ಪು. ನಾಜಲ್ಲಿಗೆ: ಹಳೆಯದಕ್ಕೆ ಹೋಲಿಸಿ ತಂದ ಸಿದ್ಧ ಕೊಳವೆ. ಹಿಂದಕ್ಕೆ ತರುವುದಕ್ಕೆ: ಬಿಸಿ ತಡೆಯುವ ಇಂಧನದ ಹೋಸು. ಜೊತೆಗೆ ಹೊಸ ತಾಮ್ರದ ವಾಷರುಗಳು.

ಹತ್ತು ಅಡಿ ಪೈಪಿಗೆ ಇಷ್ಟೊಂದು ಬರೆಯಬೇಕೇನೋ ಎಂದು ಅಪ್ಪ ಕೇಳಿಯಾರು. ವಾಯುಭಾರ, ತ್ರಿಜ್ಯದ ಘಾತ, ಅಲೆಯ ವೇಗ, ರಬ್ಬರಿನ ರಸಾಯನ, ಎಲ್ಲವೂ ಶಾಲೆ ಕಾಲೇಜಿನ ಪುಸ್ತಕದಲ್ಲಿವೆ. ಪರೀಕ್ಷೆ ಮುಗಿದ ಮೇಲೂ ಅವು ಲಾರಿಯ ಕೆಳಗೆ ಕೆಲಸ ಮಾಡುತ್ತಲೇ ಇರುತ್ತವೆ. "ಯಾವ ಪೈಪು?" ಎಂದು ಕೇಳುವ ಮಗನಿಗೆ ಅಪ್ಪ ಗದರುವ ಬದಲು ಹಳೆಯ ತುಂಡನ್ನು ಬಿಚ್ಚಿ ಕೈಗೆ ಕೊಡುವುದು ಲೇಸು.